ಹಲಗೆಯಿಂದ ಒರೆಸಿದ ಕಾಶೆವ್ವ

ಜನವರಿ ೨೭, ಮಂಗಳವಾರ, ಸಂಜೆ

ಕಾಶೆವ್ವನ ಹೆಸರನ್ನು ಒರೆಸಿಹಾಕಿದರು. ವಾಚನಾಲಯದ ಕಾರ್ಯದರ್ಶಿ ಮಹಾಬಳೇಶ್ವರ ಕಾಕಾ, ತಮ್ಮ ಕೈಯಾರೆ, ಒದ್ದೆ ಬಟ್ಟೆಯಿಂದ.

‘ಸಂಗೀತದಲ್ಲಿ ಈ ದಿನ’ — ದಿನವೂ ಆ ಹಲಗೆ ಬರೆಯುವವಳು ನಾನು. ಇವತ್ತು: ೧೭೫೬, ಮೊಝಾರ್ಟ್ ಜನನ. ೧೯೦೧, ವೆರ್ಡಿ ಮರಣ. ೨೦೨೬, ದಾಂಡೇಲಿ, ಜೋಗುಳದ ಕಾಶೆವ್ವ ಮರಣ. ಬೆಳಿಗ್ಗೆ ತೀರಿಕೊಂಡಳು. ಈ ಕಾಲನಿಯಲ್ಲಿ ಅವಳ ಹಾಡಿಲ್ಲದೆ ತೂಗಿದ ತೊಟ್ಟಿಲಿಲ್ಲ.

“ಇದು ಚರಿತ್ರೆ, ಸುಮಿತಾ. ನಮ್ಮ ಮನಿ ಕುಕ್ಕರೂ ಸೀಟಿ ಹೊಡಿತೈತಿ. ಅದನ್ನೂ ಬರೀತಿ ಏನ?” ಎಂದರು ಕಾಕಾ.

ಮೊಝಾರ್ಟ್ ಉಳಿದ. ದಾಂಡೇಲಿ ಬಸ್‌ಸ್ಟ್ಯಾಂಡನ್ನೂ ಕಾಣದವನು.

ಜನವರಿ ೨೮

ಕಾಶೆವ್ವನ ಜೊತೆ ಹಾಡುತ್ತಿದ್ದ ಮಾಲವ್ವನ ಮನೆಗೆ ಹೋದೆ. ಅವಳು ಅಳಲಿಲ್ಲ. ಅಕ್ಕಿ ಆರಿಸುತ್ತಿದ್ದಳು.

“ಆ ಮಹಾಬಳೇಶ್ವರನ ತೊಟ್ಟಿಲದಾಗ ಹಾಕಿದಾಗೂ ಕಾಶಿನ ಹಾಡಿದ್ದು. ಆಕಿ ಹಾಡು ಮುಗಿದ ಮ್ಯಾಲ ಅವಗ ಹೆಸರ ಬಂತು. ಅಲ್ಲೀತನ ಬರೇ ಕೂಸು.”

ಕಾರ್ಮಿಕ ಸಂಘದ ಕರಪತ್ರವೊಂದರಲ್ಲಿ ಈ ಸಾಲಿನ ಕೆಳಗೆ ಗೆರೆ ಎಳೆದಿಟ್ಟಿದ್ದೆ: ದುಡಿಯುವವರ ಹಾಡು ಚರಿತ್ರೆಯ ಹೊರಗೆ. ಹೊರಗೆ ಇಟ್ಟವರ ಹೆಸರು ಅದರಲ್ಲಿರಲಿಲ್ಲ. ಈಗ ಗೊತ್ತು.

ಜನವರಿ ೩೦

ಕಾಕಾ ಮಾಲವ್ವನ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಭಾನುವಾರ ವಾಚನಾಲಯದ ಹಾಲ್‌ನಲ್ಲಿ ಮೊಮ್ಮಗನ ನಾಮಕರಣ.

“ಹಾಡೋ ಹೆಣ್ಣಮಕ್ಕಳನ್ನ ಕರಕೊಂಡು ಬರ್ರಿ, ಮಾಲವ್ವ.”

“ಹೋಗಬ್ಯಾಡ, ಆಯಿ,” ಎಂದೆ. “ಹೆಸರು ಒರೆಸಿದವರ ಮನಿ ಕೂಸಿಗೆ ಹಾಡು ಯಾಕ?”

ಕಾಕಾ ನಕ್ಕರು. “ಈಕಿ ಸ್ಟ್ರೈಕ್ ಮಾಡಸ್ತಾಳ ನೋಡ್ರಿ.”

ಮಾಲವ್ವ ನನ್ನತ್ತ ನೋಡಲಿಲ್ಲ. “ಬರ್ತೇವ್ರಿ.”

ಚಹಾ ಮುಟ್ಟದೆ ಎದ್ದು ಬಂದೆ. ಕರೆದ ಕೂಡಲೇ ಹೊರಡುವ ಜನ. ಇವರಿಗಾಗಿ ಬಡಿದಾಡಬೇಕೆ...

ಜನವರಿ ೩೧, ಶನಿವಾರ

ಮಾಲವ್ವ ಬಾಗಿಲಿಗೇ ಬಂದಳು.

“ಸಿಟ್ಟಾಗೀಯೇನವ್ವಾ? ಬರ್ತೇವಂದೆ. ಹಾಡ್ತೇವಂತ ಅಂದೆನೇನ? ತೊಟ್ಟಿಲ ಮುಂದ ಎಲ್ಲಾರೂ ಬಾಯಿ ಮುಚ್ಚಿ ಕುಂಡ್ರತೇವಿ. ಕಾಶಿ ಹೆಸರು ಹಲಗಿ ಮ್ಯಾಲ ಬರೂತನ.”

“ಮೊಬೈಲ್‌ದಾಗ ಜೋಗುಳ ಹಚ್ಚಿದ್ರ?”

“ಮಹಾಬಳೇಶ್ವರನ ಅವ್ವ ಇನ್ನೂ ಬದುಕ್ಯಾಳ. ನಾವು ಹಾಡಲಾರದ, ತನ್ನ ಮೊಮ್ಮಗನ ಕೂಸಿಗೆ ಹೆಸರ ಇಡಾಕ ಬಿಡ್ತಾಳೇನ?”

ನಗು ಬಂತು. ನಾಚಿಕೆಯೂ. ಆದರೂ ಒಂದು ಹೆಸರಿಗೆ ಒಂದು ಕೂಸನ್ನು ಕಾಯಿಸಬೇಕಾಗಿ ಬಂತಲ್ಲ — ಆ ಕಹಿ ಇಳಿಯುತ್ತಿಲ್ಲ.

ಹೋಗುವಾಗ ತಿರುಗಿ ನಿಂತಳು. “ನೀ ಬರಾಕ ಬೇಕು. ನಮಗ್ಯಾರಿಗೂ ಓದಾಕ ಬರಂಗಿಲ್ಲ. ಅವ ಬರದದ್ದು ಕಾಶಿ ಹೆಸರ ಹೌದೋ ಅಲ್ಲೋ, ಹೇಳಾಕ ಒಬ್ಬರು ಬೇಕಲ್ಲ.”

ಸೀಮೆಸುಣ್ಣ ಚೀಲದಲ್ಲಿಟ್ಟೆ. ನಾಳೆ, ಭಾನುವಾರ, ಬೆಳಿಗ್ಗೆ ಹತ್ತೂವರೆ. ಹಲಗೆಯ ಮುಂದೆ ನಿಂತಿರುತ್ತೇನೆ, ಓದಿ ಹೇಳಲು.