ತುಂಡು ಗೆರೆಯ ನಕ್ಷೆ

ಫೆಬ್ರವರಿ ಮೂವತ್ತೊಂದು, ೨೩೧೬
ಹೊಸ ಹೊನ್ನಾವರ, ಉತ್ತರ ಕಡಲತೀರ

ಮುನ್ನೂರು ವರ್ಷ ಹಿಂದೆ ಕೂತು ನಕ್ಷೆ ಬರೆಯುತ್ತಿರುವ ಮಹನೀಯರಿಗೆ ಜಟ್ಟಪ್ಪ ಅಂಬಿಗನ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಬಲ್ಲೆ. ನಮ್ಮಲ್ಲಿದೆ, ಅವತ್ತೂ ಅಂಗಡಿ ತೆರೆಯಬೇಕು. ನಡುವೆ ತಿಳಿಯದ ಮಾತು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಹಿರಿಯರು ಬಿಸಿಲು ತಾಳಲಾರದೆ ಹಡಗು ಹತ್ತಿ ಈ ಹಿಮದ ತೀರಕ್ಕೆ ಬಂದವರು. ನಿಮ್ಮ ಕಾಲದಲ್ಲಿ ಇಲ್ಲಿ ಕರಡಿಗಳದೇ ಕಾರುಬಾರಂತೆ. ಈಗ ಮೀನು ಒಣಗಿಸುವ ಚಪ್ಪರಗಳಿವೆ. ಕರಗುಗಾಲದಲ್ಲಿ, ಅಂದರೆ ಹಿಮ ಬಿಟ್ಟ ನಾಲ್ಕು ತಿಂಗಳು, ಗಾಜಿನ ಮನೆಯೊಳಗೆ ಬಸಳೆ ಹಬ್ಬುತ್ತದೆ. ಮೀನು ಮಾರುವವನು ನಾನು. ಹಿಡಿಯುವವಳು ಹೆಂಡತಿ ಗುಲಾಬಿ. ಕಂದು ಗೆರೆಗಳಲ್ಲಿ ಗುಡ್ಡದ ಏರಿಳಿತ ತೋರಿಸುವ, ಈ ತೀರದ ನಿಮ್ಮ ಹಳೆಯ ಕಾಗದದ ನಕ್ಷೆಯನ್ನು ಗುಜರಿಯವನಿಗೆ ಎರಡು ಬಂಗಡೆ ಕೊಟ್ಟು ತಂದೆ. ಬಿಚ್ಚಿದರೆ ಕೆಲವೆಡೆ ತೀರದ ಗೆರೆಯೇ ತುಂಡು ತುಂಡು. ಅಲ್ಲಿಗೆ ನಾವು ಹೋಗಿ ಅಳೆದಿಲ್ಲ ಎಂದು ಅಂಚಿನಲ್ಲಿ ಸಣ್ಣಕ್ಷರ. ಅರ್ಧ ಕೆಲಸಕ್ಕೆ ಪೂರ್ತಿ ಬೆಲೆಯೇ ಎಂದು ಗೊಣಗಿದೆ. ನಮ್ಮ ತುಂಬುನಕ್ಷೆಯಲ್ಲಿ ಇಂಥ ಕೊರತೆಯಿಲ್ಲ. ಯಾರೂ ಕಾಣದ ಜಾಗವನ್ನೂ ಯಂತ್ರ ಊಹಿಸಿ ನುಣ್ಣಗೆ ತುಂಬಿಸುತ್ತದೆ. ಗುಲಾಬಿ ಮಾತ್ರ ನಿಮ್ಮದನ್ನು ಮಡಚಿ ದೋಣಿಗೆ ಒಯ್ದಳು.

ಮೊನ್ನೆ ಬಿರುಗಾಳಿ ಎದ್ದಾಗ ಅವಳ ದೋಣಿಯಲ್ಲಿ ಆರು ಜನ. ತುಂಬುನಕ್ಷೆ ಪಕ್ಕದಲ್ಲೇ, ದೋಣಿ ಹೊಕ್ಕು ನಿಲ್ಲಲು, ಚಂದದ ಅಳಿವೆಯೊಂದನ್ನು ತೋರಿಸುತ್ತಿತ್ತು. ವೈರ್‌ಲೆಸ್ಸಿನಲ್ಲಿ ಕಿರುಚಿದೆ: “ಅಲ್ಲೇ ನುಗ್ಸೇ ಮಾರಾಯ್ತಿ!”

“ಅಲ್ಲಿ ತುಂಡು ಗೆರೆ ಅದೆ. ನೋಡ್ಲಿಲ್ಲ ಅಂತ ಬರ್ದವ್ನ ನಾ ನಂಬ್ತೆ. ಮುಂದಿನ ಅಳಿವೆಗೆ ಹೋಗ್ತೆ. ನೀವು ಅಂಗಡೀಲಿ ಕೂತ್ಕಂಡು ದೋಣಿ ನಡೆಸೂದು ಬೇಡ!”

ಆಮೇಲೆ ವೈರ್‌ಲೆಸ್ ಕಡಿದುಹೋಯಿತು. ರಾತ್ರಿಯಿಡೀ ಅಂಗಡಿ ಬಿಟ್ಟು ದಂಡೆಯಲ್ಲಿ ದೀಪ ಹಿಡಿದು ನಿಂತೆ; ನನ್ನನ್ನು ಬಲ್ಲವರು ಇದನ್ನು ನಂಬಲಾರರು. ಮರುದಿನ ಆರೂ ಜನ ತೊಯ್ದು ತೊಪ್ಪೆಯಾಗಿ, ಹಸಿದು, ಬೈಯುತ್ತ ಬಂದಿಳಿದರು. ಅಂಥ ಇಂಪಾದ ಬೈಗುಳ ನಾನು ಕೇಳಿಲ್ಲ. ಕಡಲು ಏರಿದ್ದರೂ ನೀವು ಗಟ್ಟಿ ಗೆರೆ ಎಳೆದ ಅಳಿವೆ ಎಳೆದಲ್ಲೇ ಇತ್ತಂತೆ. ಗಾಳಿ ನಿಂತ ಮೇಲೆ ತುಂಬುನಕ್ಷೆ ತೋರಿಸಿದ್ದ ಅಳಿವೆಯನ್ನು ನೋಡಲು ನಾನೇ ಹೋದೆ. ಅಳಿವೆಯೂ ಇಲ್ಲ, ಮಣ್ಣೂ ಇಲ್ಲ. ಬರೀ ಬಂಡೆಗಳು, ಹಲ್ಲು ಕಿರಿದುಕೊಂಡು. ಅಲ್ಲೇ ಕೂತು ಅತ್ತೆ. ಆಮೇಲೆ ನಕ್ಕೆ.

ಒಂದೇ ಕೋರಿಕೆ. ನಕ್ಷೆ ಅಚ್ಚಿಗೆ ಹೋಗುವ ಮುನ್ನ ನಿಮ್ಮ ಮೇಲಧಿಕಾರಿ ಬಂದು, ಇದೇನು ಅರೆಬರೆ, ಗೆರೆ ಕೂಡಿಸಿಬಿಡಿ ಎನ್ನಬಹುದು. ದಮ್ಮಯ್ಯ, ಕೂಡಿಸಬೇಡಿ. ನಿಮ್ಮ ಪೆನ್ನು ಆ ಗೆರೆಯ ಮೇಲಿರುವಷ್ಟು ಹೊತ್ತೂ ನನ್ನ ಗುಲಾಬಿ ಕಡಲಲ್ಲೇ ಇದ್ದಾಳೆ.