ಕಳ್ಳ ಹ್ಞೂಂ ಅನ್ನುವ ಜಾಗ

ಆರ್ಕೆಸ್ಟ್ರಾ ಕಟ್ಟಡ, ಡ್ರಮ್ಮುಗಳ ಕೋಣೆ
ಗುರುವಾರ, ಸೆಪ್ಟೆಂಬರ್ ೧೨

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಬಲಗೈ ಬೆರಳು ಮಡಚಲು ಬರುತ್ತಿದೆ, ಚಮಚ ಹಿಡಿಯುತ್ತೀಯ ಎಂದು ಅತ್ತಿಗೆ ಹೇಳಿದರು. ಕೇಳಿ ಜೀವಕ್ಕೆ ಎಷ್ಟೋ ಹಾಯೆನಿಸಿತು. ನಿದ್ದೆ ಬರುತ್ತಿದೆಯಾ? ಕಾಲಿನ ಜೋಮು ಕಡಿಮೆಯಾಯಿತಾ? ಗುಳಿಗೆ ಕೊಟ್ಟರೆ ಮುಖ ಕಿವುಚಿ ದಿಂಬಿನ ಕೆಳಗೆ ಬಚ್ಚಿಡುತ್ತೀಯಂತೆ. ಈ ದೂರು ಅಣ್ಣನದು, ಅತ್ತಿಗೆಯದಲ್ಲ. ಅತ್ತಿಗೆ ಯಾವತ್ತಿದ್ದರೂ ನಿನ್ನ ಪಕ್ಷ. ಅಕ್ಷರಗಳೆಲ್ಲ ಇನ್ನೂ ನಿನ್ನ ಕಣ್ಣ ಮುಂದೆ ಕಲಸಿಹೋಗುತ್ತವೆ ಎಂದು ಗೊತ್ತು, ಹಾಗಾಗಿ ಇದನ್ನೂ ಅವರೇ ಓದಿ ಹೇಳುತ್ತಾರೆ. ಅತ್ತಿಗೇ, ನನ್ನ ಬರಹ ಕೋಳಿಕಾಲು. ತಿಳಿಯದ ಕಡೆ ನಿಮಗೆ ತೋಚಿದ್ದು ಸೇರಿಸಿ ಓದಿ, ಆದರೆ ನನ್ನನ್ನು ಬೈಯುವ ಮಾತು ಮಾತ್ರ ಸೇರಿಸಬೇಡಿ.

ಫೋನ್ ಇರುವಾಗ ಇವಳೇಕೆ ಪತ್ರ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯೇನೋ. ಅದಕ್ಕೆ ಕಾರಣವಿದೆ, ನಿಧಾನವಾಗಿ ಬರುತ್ತೇನೆ. ಮೊದಲು ಸುದ್ದಿ. ನಮ್ಮ ಹೊಸ ಸೀಸನ್, ಅಂದರೆ ಈ ವರ್ಷದ ಕಛೇರಿಗಳ ಸಾಲು, ಮುಂದಿನ ಶನಿವಾರ ಶುರುವಾಗುತ್ತದೆ. ಟಿಕೆಟ್ ಕೌಂಟರಿನ ಗಾಜಿಗೆ ಆಳೆತ್ತರದ ಪೋಸ್ಟರ್ ಅಂಟಿಸಿದ್ದಾರೆ: ‘ಈ ವರ್ಷ ನಮ್ಮ ವಾದ್ಯಗಳು ಕಥೆ ಹೇಳುತ್ತವೆ.’ ಮಂಜಿನಲ್ಲಿ ದಾರಿ ತಪ್ಪಿದ ಪೋಸ್ಟ್‌ಮ್ಯಾನಿನ ಕಥೆಯಿದೆ, ಮುಳುಗುವ ಹಡಗಿನದಿದೆ, ಮಕ್ಕಳಿಗೆಂದು ಹಲ್ಲುನೋವಿನ ಆನೆಯದಿದೆ, ಕೊನೆಯ ಕಛೇರಿಯಲ್ಲಿ ಮದುವೆ ಮನೆಯಿಂದ ಓಡಿಹೋದ ವರನದು. ಯಾರೂ ಒಂದು ಮಾತೂ ಆಡುವುದಿಲ್ಲ, ಹಾಡುವುದಿಲ್ಲ. ಎಲ್ಲವನ್ನೂ ವಾದ್ಯಗಳೇ ಹೇಳಬೇಕು. ಎಲ್ಲಕ್ಕಿಂತ ಮೊದಲು, ಬಾಗಿಲು ತೆರೆಯುವುದೇ ನಿನ್ನ ಕಥೆಯಿಂದ.

ಅದು ಹೇಗೆ ಅಲ್ಲಿಗೆ ಬಂತು ಎಂಬುದು ನಿನಗೆ ಗೊತ್ತು. ಇನ್ನೊಮ್ಮೆ ಕೇಳಿದರೆ ನಿನಗೇನೂ ಬೇಜಾರಾಗುವುದಿಲ್ಲ ಎಂಬುದು ನನಗೆ ಗೊತ್ತು. ಕಳೆದ ಚಳಿಗಾಲದಲ್ಲಿ, ಕೋಲು ಆಡಿಸಿ ವಾದ್ಯಗಳನ್ನೆಲ್ಲ ನಡೆಸುವ ನಮ್ಮ ಕಂಡಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡು, ಚಿಕ್ಕಂದಿನಲ್ಲಿ ಕೇಳಿದ ಒಂದೊಂದು ಕಥೆ ಹೇಳಿ ಎಂದಿದ್ದರು. (ನಾನು ಮೊದಲ ಸಲ ಕಂಡಕ್ಟರ್ ಎಂದಾಗ ನೀನು ‘ಚಿಲ್ಲರೆ ಸರಿಯಾಗಿ ಕೊಡ್ತಾರಾ?’ ಎಂದು ಕೇಳಿದ್ದೆಯಲ್ಲ, ಅದನ್ನು ಅವರಿಗೂ ಹೇಳಿದ್ದೇನೆ. ನಗುತ್ತಲೇ ಕೋಲು ಕೆಳಗಿಟ್ಟರು.) ನನ್ನ ಸರದಿ ಬಂದಾಗ ಕಳ್ಳನ ಕಥೆ ಹೇಳಿದೆ. ಮೂಲೆಯಲ್ಲಿ ಕರವಸ್ತ್ರ ಹಿಡಿದು ಕೂತಿದ್ದ ಸಂಗೀತ ಬರೆಯುವವನು, ವರ್ಷವಿಡೀ ನೆಗಡಿಯಿರುವುದರಿಂದ ನಾವೆಲ್ಲ ನೆಗಡಿ ಮಹಾಶಯ ಎಂದು ಕರೆಯುವವನು, ದಡಕ್ಕನೆ ಎದ್ದು ‘ಇದು ನಂಗೆ ಬೇಕು’ ಎಂದುಬಿಟ್ಟ. ಆ ಸುದ್ದಿ ತಿಳಿದ ದಿನ ನೀನು ಅಳತೆ ತೆಗೆಯುವುದನ್ನೂ ಬಿಟ್ಟು ಗಿರಾಕಿಗಳಿಗೆಲ್ಲ ‘ನಮ್ಮ ಕಳ್ಳ ದೊಡ್ಡ ಮನುಷ್ಯ ಆಗ್ಬಿಟ್ಟ’ ಎಂದು ಸಾರಿದೆಯಂತೆ. ಯಾರದೋ ಪ್ಯಾಂಟು ಎರಡಿಂಚು ಗಿಡ್ಡವಾದದ್ದು ಆ ಸಂಭ್ರಮದಲ್ಲೇ ಎಂದು ಅಣ್ಣ ಇವತ್ತಿಗೂ ಹೇಳುತ್ತಾನೆ. ಆಮೇಲೆ ಬೇಸಿಗೆ ಮುಗಿಯುವುದರೊಳಗೆ ನಿನಗೆ ಲಕ್ವ ಹೊಡೆಯಿತು, ಅಂಗಡಿಗೆ ಬೀಗ ಬಿತ್ತು, ನೀನು ಅಣ್ಣನ ಮನೆ ಸೇರಿದೆ.

ಅತ್ತಿಗೆಗೆ ಈ ಕಥೆ ಪೂರ್ತಿ ಗೊತ್ತಿರಲಿಕ್ಕಿಲ್ಲ, ಅವರಿಗಾಗಿ ಹೇಳುತ್ತೇನೆ; ನೀನು ಸುಮ್ಮನೆ ತಪ್ಪು ಹುಡುಕುತ್ತಿರು. ಒಂಟಿ ಅಜ್ಜಿಯೊಬ್ಬಳು ಮನೆಗೆ ಬಂದು ನೋಡಿದರೆ ಮಂಚದ ಕೆಳಗಿನಿಂದ ಯಾರದೋ ಹೆಬ್ಬೆರಳು ಇಣುಕುತ್ತಿದೆ. ಕಿರುಚಿದರೆ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲ. ಅಜ್ಜಿ ಏನೂ ಕಾಣದವಳ ಹಾಗೆ ಮಂಚದ ಮೇಲೆ ಕೂತು, ಎದುರಿನ ಗೋಡೆಗೆ ಕಥೆ ಹೇಳಲು ಶುರುಮಾಡುತ್ತಾಳೆ. ಒಬ್ಬ ರಾಜ, ಅವನ ಅರಮನೆಯಲ್ಲಿ ಬೀಗ ಹಾಕಿದ ಏಳು ಕೋಣೆ. ಒಂದರಲ್ಲಿ ಇದು, ಇನ್ನೊಂದರಲ್ಲಿ ಅದು, ಆರೂ ತೆರೆದಾಯಿತು. ಏಳನೆಯದರ ಬೀಗ ತೆಗೆದ, ಬಾಗಿಲು ತಳ್ಳಿದ, ಒಳಗೆ ಇಣುಕಿ ನೋಡುತ್ತಾನೆ... ಅಷ್ಟು ಹೇಳಿ ಅಜ್ಜಿ ತೆಪ್ಪಗಾಗುತ್ತಾಳೆ. ಮನೆಯೆಲ್ಲ ನಿಶ್ಶಬ್ದ. ಕಳ್ಳ ತಡೆಯುವಷ್ಟು ತಡೆಯುತ್ತಾನೆ, ಕೊನೆಗೆ ಆಗದೆ ಮಂಚದ ಕೆಳಗಿನಿಂದ ‘ಹ್ಞೂಂ?’ ಎಂದುಬಿಡುತ್ತಾನೆ. ಅಲ್ಲಿಗೆ ಸಿಕ್ಕಿಬಿದ್ದ.

ನೀನು ಇದನ್ನು ಹೇಳುತ್ತಿದ್ದುದು ಹೊಲಿಗೆ ಯಂತ್ರ ತುಳಿಯುತ್ತ. ನಾನು ಕೇಳುತ್ತಿದ್ದುದು ಕತ್ತರಿಸುವ ಮೇಜಿನ ಕೆಳಗೆ, ಚಿಂದಿ ಬಟ್ಟೆಯ ರಾಶಿಯಲ್ಲಿ ಕೂತು. ಪ್ರತಿ ಮಾತಿಗೂ ಹ್ಞೂಂಗುಟ್ಟದಿದ್ದರೆ ನಿನ್ನ ಕಥೆ ಮುಂದೆ ಹೋಗುತ್ತಿರಲಿಲ್ಲ. ಆದರೆ ಏಳನೇ ಕೋಣೆಯ ಹತ್ತಿರ ಬಂದಾಗ ಮಾತ್ರ ಹ್ಞೂಂ ಅನ್ನಬಾರದು, ಅಂದರೆ ಸೋತ ಹಾಗೆ. ನೀನು ಕಾಲೆತ್ತುತ್ತಿದ್ದೆ, ಯಂತ್ರದ ಸದ್ದು ನಿಲ್ಲುತ್ತಿತ್ತು. ನಾನು ಬಾಯಿಗೆ ಚಿಂದಿ ತುರುಕಿಕೊಂಡು ಕೂತರೂ ಎಲ್ಲಿಂದಲೋ ಅದು ಹೊರಬಂದುಬಿಡುತ್ತಿತ್ತು. ತಕ್ಷಣ ನೀನು ಬಗ್ಗಿ, ನನ್ನ ಕಾಲು ಹಿಡಿದೆಳೆದು, ಬೀದಿಗೆಲ್ಲ ಕೇಳುವ ಹಾಗೆ ‘ಸಿಕ್ಕಿಬಿದ್ದೆ ಕಳ್ಳೀ!’ ಎಂದು ಕೂಗುತ್ತಿದ್ದೆ. ಒಂದು ಸಲವೂ ನಾನು ಗೆದ್ದಿಲ್ಲ. ಏಳನೇ ಕೋಣೆಯಲ್ಲಿ ಏನಿತ್ತು ಎಂಬುದನ್ನು ನೀನು ಒಂದು ಸಲವೂ ಹೇಳಿಲ್ಲ.

ಈಗ ನನ್ನ ಸಂಕಟ ಕೇಳು. ನೆಗಡಿ ಮಹಾಶಯನ ಸಂಗೀತದಲ್ಲಿ ಅಜ್ಜಿಯ ಮಾತು ಓಬೋಗೆ ಸೇರಿದ್ದು. ಸ್ವಲ್ಪ ಮೂಗಿನಲ್ಲಿ ಮಾತಾಡುವ ಕೊಳಲಿನಂಥ ವಾದ್ಯ ಅದು, ಅಜ್ಜಿಗೆ ಹೇಳಿ ಮಾಡಿಸಿದ ಹಾಗಿದೆ. ಆಳೆತ್ತರದ ಪಿಟೀಲುಗಳು ಮಂಚದ ಕೆಳಗೆ ಉಸಿರಾಡುತ್ತವೆ. ಕಳ್ಳನ ‘ಹ್ಞೂಂ’ ನನಗೆ ಬಂದಿದೆ: ದೊಡ್ಡ ಡ್ರಮ್ಮಿನ ಮೇಲೆ, ಉಣ್ಣೆ ಸುತ್ತಿದ ಕೋಲಿನಿಂದ, ಮೆತ್ತಗೆ ಒಂದೇ ಒಂದು ಪೆಟ್ಟು. ಅಷ್ಟೇನಾ ಎನ್ನಬೇಡ. ಆ ಪೆಟ್ಟಿಗೆ ಮೊದಲು ಇಡೀ ಆರ್ಕೆಸ್ಟ್ರಾ ಸುಮ್ಮನಾಗುತ್ತದೆ. ಬೇರೆ ಎಲ್ಲ ಕಡೆ ಎಣಿಸಿಕೊಂಡು ಬಾರಿಸಬಹುದು, ಇಲ್ಲವೇ ಕಂಡಕ್ಟರಮ್ಮನ ಕೈ ನೋಡಬಹುದು. ಇಲ್ಲಿ ಅವರು ಬೇಕೆಂದೇ ಕೈ ಇಳಿಸಿ ತಲೆ ತಗ್ಗಿಸಿ ನಿಲ್ಲುತ್ತಾರೆ. ನನ್ನ ಹಾಳೆಯಲ್ಲಿ ಅಂಕಿಯಿಲ್ಲ. ಎಷ್ಟು ಹೊತ್ತಾದರೂ ನಿಲ್ಲಬಹುದು ಎಂಬ ಗುರುತು, ಅದರ ಕೆಳಗೆ ‘ಕಳ್ಳ ತಡೆಯಲಾರದೆ’ ಎಂಬ ಎರಡು ಪದ. ಎಣಿಸುವುದೊಂದನ್ನೇ ಕಸುಬು ಮಾಡಿಕೊಂಡ ನನ್ನಂಥವಳಿಗೆ ಇದು ಕೈಕಾಲು ಕಟ್ಟಿ ನೀರಿಗೆ ತಳ್ಳಿದ ಹಾಗಾಗಿದೆ.

ಮೊದಲ ರಿಹರ್ಸಲ್‌ನಲ್ಲಿ ಅಜ್ಜಿ ಬಾಯಿ ಮುಚ್ಚುವುದೇ ತಡ ಬಾರಿಸಿಬಿಟ್ಟೆ. ‘ಕಳ್ಳನಿಗೇನು ಬಸ್ ತಪ್ಪಿ ಹೋಗುತ್ತಾ?’ ಎಂದರು ಕಂಡಕ್ಟರಮ್ಮ, ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಬಾರಿಸಿದೆ. ಅದು ಅವರಿಗೆ ಹೇಗೆ ಗೊತ್ತಾಯಿತೋ, ‘ಎಣಿಸ್ತಾ ಇದೀರಿ. ಕಳ್ಳ ಎಣಿಸಲ್ಲ, ಕೇಳ್ತಾನೆ’ ಎಂದರು. ಆಮೇಲೊಂದು ದಿನ ಹಟಕ್ಕೆ ಬಿದ್ದು ಎಷ್ಟು ಹೊತ್ತು ಕಾದೆನೆಂದರೆ, ಹಿಂದಿನ ಸಾಲಿನವರೊಬ್ಬರು ಕೆಮ್ಮಿ, ಕಳ್ಳ ಅವರೇ ಆಗಿಬಿಟ್ಟರು. ನಿನ್ನೆ ಮಾತ್ರ ಯಾರೂ ನಗಲಿಲ್ಲ. ಕೋಲು ಎತ್ತಿದವಳು ಎತ್ತಿದಂತೆಯೇ ನಿಂತುಬಿಟ್ಟೆ, ಕೈ ಇಳಿಯಲೇ ಇಲ್ಲ. ಬಿಡುವಿನಲ್ಲಿ ಕಂಡಕ್ಟರಮ್ಮ ಪಕ್ಕಕ್ಕೆ ಕರೆದು, ಸೋಮವಾರ ಕೊನೆಯ ರಿಹರ್ಸಲ್, ಅಲ್ಲೂ ಆಗದಿದ್ದರೆ ಆ ಪೆಟ್ಟನ್ನು ಮೀಸೆ ಮಾವನಿಗೆ ಕೊಡುತ್ತೇನೆ ಎಂದರು. ಮೀಸೆ ಮಾವ ಎಂದರೆ ನಮ್ಮ ಡ್ರಮ್ಮಿನವರಲ್ಲೆಲ್ಲ ಹಿರಿಯರು, ಒಳ್ಳೆಯವರು. ‘ಮಗಾ, ನಂಗೆ ಬೇಡ ಇದು, ನೀನೇ ಹೊಡಿ’ ಎಂದು ಬೆನ್ನು ತಟ್ಟಿದರು. ಆದರೆ ಈ ಸೀಸನ್ ನನಗೆ ಪರೀಕ್ಷೆಯ ಸೀಸನ್, ಕೆಲಸ ಖಾಯಂ ಆಗುವುದೋ ಇಲ್ಲವೋ ಇದರ ಮೇಲೆಯೇ ನಿಂತಿದೆ. ಸ್ವಂತ ಅಪ್ಪನ ಕಥೆಯಲ್ಲಿ ಒಂದು ಹ್ಞೂಂ ಅನ್ನಲಾಗದವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಊಟ ಸೇರುತ್ತಿಲ್ಲ. ಇವತ್ತು ಬೆಳಿಗ್ಗೆ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿಕೊಂಡು ಬಂದಿದ್ದೇನೆ. ಪಕ್ಕದ ರೂಮಿನ ನರ್ಸ್ ನನ್ನ ಮುಖ ನೋಡಿ ಕೇಳದೆಯೇ ಜ್ವರ ನೋಡಿದಳು. ಕಥೆಯ ಪ್ರತಿ ಮಾತೂ ನನಗೆ ನೆನಪಿದೆ ಅಪ್ಪಾ, ಆರೂ ಕೋಣೆಯ ಸಾಮಾನು ಒಪ್ಪಿಸಬಲ್ಲೆ. ನೀನು ಯಂತ್ರ ನಿಲ್ಲಿಸಿ ಎಷ್ಟು ಹೊತ್ತು ಸುಮ್ಮನಿರುತ್ತಿದ್ದೆ ಎಂಬುದು ಮಾತ್ರ ನೆನಪಿಲ್ಲ. ಎಷ್ಟು ಪ್ರಯತ್ನಿಸಿದರೂ ಇಲ್ಲ.

ನಿನ್ನೆ ಕೈ ಯಾಕೆ ನಿಂತಿತು ಎಂಬುದನ್ನು ಕಂಡಕ್ಟರಮ್ಮನಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಆ ನಿಶ್ಶಬ್ದ ಬಂದಾಗಲೆಲ್ಲ ನನಗೆ ಭಾನುವಾರದ ಫೋನ್ ನೆನಪಾಗುತ್ತದೆ. ಅತ್ತಿಗೆ ಫೋನನ್ನು ನಿನ್ನ ಕಿವಿಗೆ ಹಿಡಿಯುತ್ತಾರೆ, ನಾನು ‘ಅಪ್ಪಾ’ ಎನ್ನುತ್ತೇನೆ, ಆ ಕಡೆಯಿಂದ ಉಸಿರು ಬಿಟ್ಟರೆ ಬೇರೇನೂ ಇಲ್ಲ. ಅದನ್ನು ತಡೆಯಲಾಗದೆ ನಾನು ಹವಾಮಾನ, ತರಕಾರಿ, ಬಸ್ಸು ಎಂದು ಬಡಬಡಿಸಿ ಇಟ್ಟುಬಿಡುತ್ತೇನೆ. ಇಟ್ಟ ಮೇಲೆ ಅಳುತ್ತೇನೆ. ಮಾತಾಡುವವನು ನೀನು, ಕೇಳುವವಳು ನಾನು; ಇದು ತಿರುಗುಮುರುಗಾದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ಪತ್ರ ಬರೆಯುತ್ತಿರುವುದು ಅದಕ್ಕೇ. ಪತ್ರದಲ್ಲಾದರೆ ನೀನು ಸುಮ್ಮನಿರುವುದು ಸಹಜ, ನನಗೆ ಭಯವಾಗುವುದಿಲ್ಲ.

ಮಾತು ಕಲಿಸಲು ಬರುವ ಟೀಚರಮ್ಮ ಏನೆಂದರು ಎಂದು ಅಣ್ಣ ಹೇಳಿದ. ನಿನಗೆ ಈಗ ಬರುವುದು ‘ಹ್ಞೂಂ’ ಒಂದೇ, ಬೇಕೆಂದರೂ ಅದೇ, ಬೇಡವೆಂದರೂ ಅದೇ. ಹೋದ ತಿಂಗಳು ನೋಡಲು ಬಂದವರು ಯಾರೋ ‘ಹುಷಾರಾದ್ರಾ?’ ಎಂದಾಗ ಹ್ಞೂಂ ಅಂದೆಯಂತೆ, ‘ಇನ್ನೂ ಹುಷಾರಿಲ್ವಾ?’ ಎಂದಾಗಲೂ ಹ್ಞೂಂ ಅಂದೆಯಂತೆ, ಅವರು ನಕ್ಕರಂತೆ. ಅವತ್ತಿನಿಂದ ಅದನ್ನೂ ಬಿಟ್ಟು ತುಟಿ ಬಿಗಿದು ಕೂತಿದ್ದೀಯಂತೆ. ನಕ್ಕವರ ಪ್ಯಾಂಟು ಸದಾ ಎರಡಿಂಚು ಗಿಡ್ಡವಾಗಿಯೇ ಇರಲಿ! ನಿನಗೆಷ್ಟು ಅವಮಾನವಾಗಿರಬಹುದು! ಬಳಸದಿದ್ದರೆ ಇರುವ ದನಿಯೂ ಹೋದೀತು ಎಂದು ಟೀಚರಮ್ಮ ಹೆದರಿಸಿದ್ದಾರೆ. ನಾನು ಹೆದರಿಸುವುದಿಲ್ಲ. ನಿನ್ನ ಬಾಯಿ, ನಿನ್ನ ಇಷ್ಟ.

ಬಿಡುವು ಮುಗಿಯಿತು, ಮೀಸೆ ಮಾವ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದಾರೆ. ಇದನ್ನು ಇವತ್ತೇ ಕೊರಿಯರ್‌ಗೆ ಹಾಕುತ್ತೇನೆ, ಶನಿವಾರದೊಳಗೆ ನಿಮ್ಮ ಕೈ ಸೇರುತ್ತದೆ. ಅತ್ತಿಗೇ, ಅಣ್ಣನಿಗೆ ನನ್ನ ನೆನಪು ಹೇಳಿ. ಅತ್ತಿಗೆಗೆ ಒಂದು ದೊಡ್ಡ ಅಪ್ಪುಗೆ, ಅವರು ಓದಿ ಓದಿ ಗಂಟಲು ಕಟ್ಟಿದ್ದರೆ ಬಿಸಿನೀರು ಕುಡಿಯಲಿ. ಅಮ್ಮ ಇದ್ದಿದ್ದರೆ ನಮ್ಮಿಬ್ಬರನ್ನೂ ಒಂದೇ ಮಾತಿನಲ್ಲಿ ಸರಿಮಾಡುತ್ತಿದ್ದಳು. ಗುಳಿಗೆಗಳನ್ನು ದಿಂಬಿಗೆ ತಿನ್ನಿಸದೆ ನೀನೇ ನುಂಗು. ನಿನ್ನ ಪಾದಕ್ಕೆ ತಲೆಯಿಟ್ಟು,

ನಿನ್ನ ಮೇಜಿನ ಕೆಳಗಿನ
ಮಗಳು

ಮತ್ತೆ: ಅತ್ತಿಗೇ, ಇಲ್ಲಿಂದ ನಿಧಾನವಾಗಿ ಓದಿ. ಅಪ್ಪಾ, ಈ ಭಾನುವಾರ ಫೋನ್ ಮಾಡಿದಾಗ ನಾನು ಹವಾಮಾನ ಹೇಳುವುದಿಲ್ಲ. ಕಳ್ಳನ ಕಥೆ ಹೇಳುತ್ತೇನೆ, ಮೊದಲಿನಿಂದ, ಆರೂ ಕೋಣೆ ತೆರೆದು. ಏಳನೆಯದರ ಬಾಗಿಲು ತಳ್ಳಿ ನಾನು ಸುಮ್ಮನಾಗುತ್ತೇನೆ. ಈ ಸಲ ಬಡಬಡಿಸುವುದಿಲ್ಲ, ಫೋನ್ ಇಡುವುದೂ ಇಲ್ಲ, ಎಷ್ಟು ಹೊತ್ತಾದರೂ ಸರಿ. ಇದನ್ನು ಔಷಧಿ ಎಂದುಕೊಳ್ಳಬೇಡ, ಟೀಚರಮ್ಮನ ಪಾಠವೆಂದೂ ಅಲ್ಲ. ಕಳ್ಳ ಎಷ್ಟು ಹೊತ್ತು ತಡೆಯುತ್ತಾನೆ ಎಂಬುದು ಸೋಮವಾರಕ್ಕೆ ನನಗೆ ಬೇಕು, ಬೇರೆ ಯಾರನ್ನು ಕೇಳಲಿ? ಬಾಯಿಗೆ ಚಿಂದಿ ತುರುಕಿಕೊಂಡು ಕೂತರೂ ಚಿಂತೆಯಿಲ್ಲ, ತಡೆಯುವಷ್ಟು ತಡೆ. ತಡೆಯಲಾಗದೆ ಅದು ಹೊರಗೆ ಬಂದರೆ, ನಾನು ಇಲ್ಲಿಂದ ಏನು ಕೂಗುತ್ತೇನೆ ಎಂಬುದು ನಿನಗೆ ಗೊತ್ತೇ ಇದೆಯಲ್ಲ. ಅಣ್ಣನ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ.