ದೊಡ್ಡಮ್ಮನಿಗೆ ಕಟ್ಟಿಸಿದ ಕಟ್ಟೆಯನ್ನು ಒಡೆಯಿರಿ

ಕಟ್ಟಡ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ಸನ್ಮಾನಿಸಿದ ದಿನದಿಂದ ನನ್ನ ದೊಡ್ಡಮ್ಮನಿಗೆ ಕೆಲಸವಿಲ್ಲ. ಆ ಸನ್ಮಾನವನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ಶನಿವಾರದೊಳಗೆ ತೆಗೆದುಕೊಳ್ಳಿ.

ಅವಳ ಕೆಲಸ ಏನೆಂಬುದು ನಿಮ್ಮ ಭಾಷಣದಲ್ಲಿ ಬರಲಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ನಿಮ್ಮ ಕಚೇರಿಯ ಹಿಂದಿನ ಬಯಲಿನಲ್ಲಿ ಇಪ್ಪತ್ತೆರಡು ವರ್ಷ ಅವಳು ಕಟ್ಟಡಗಳ ನಕ್ಷೆಯನ್ನು ಸುಣ್ಣದ ಪುಡಿಯಿಂದ ನೆಲದ ಮೇಲೆ, ನಿಜವಾದ ಅಳತೆಯಲ್ಲೇ, ಬರೆಯುತ್ತಿದ್ದಳು. ನಕ್ಷೆ ಓದಲು ಬಾರದವರು ಗೆರೆಗಳ ನಡುವೆ ನಡೆದು ನೋಡುತ್ತಿದ್ದರು. ವಾಸ್ತುಶಿಲ್ಪಿಗಳೇ ತಮ್ಮ ಗಿರಾಕಿಗಳನ್ನು ಕಳಿಸುತ್ತಿದ್ದರು. ದರ್ಜಿಯೊಬ್ಬರ ತಾಯಿ ತಮ್ಮ ಹೊಸ ಮನೆಯೊಳಗೆ ಕೋಲೂರಿಕೊಂಡು ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟರು. "ಇದೇನ್ರೋ, ಬಚ್ಚಲಿಗೆ ಹೋಗ್ಬೇಕಂದ್ರೆ ನಾನು ಮಗ-ಸೊಸೆಯ ಮಂಚ ಹತ್ತಿ ಇಳೀಬೇಕಾ?" ವಾಸ್ತುಶಿಲ್ಪಿಯ ಕಿವಿ ಕೆಂಪಾಯಿತು. ಬೂಟಿನಲ್ಲೇ ಗೆರೆ ಅಳಿಸಿ ಬಾಗಿಲನ್ನು ಆಚೆಗೆ ಸರಿಸಿದರು. ಗೋಡೆ ಎದ್ದ ಮೇಲೆ ಬೂಟಿನಲ್ಲಿ ಅಳಿಸಲು ಆಗುತ್ತದೆಯೇ?

ವಾಸ್ತುಶಿಲ್ಪಿಗಳ ಬಳಗಕ್ಕೆ ಸಲ್ಲಿಸಿದ ಈ ಸೇವೆಗಾಗಿ ನೀವು ಆ ಬಯಲಿನ ನಟ್ಟನಡುವೆ ಕಲ್ಲಿನ ಕಟ್ಟೆ ಕಟ್ಟಿಸಿದಿರಿ. ಸುತ್ತ ಬಯಲು ತುಂಬ ಹೂವಿನ ಪಾತಿ, ಅದರ ಸುತ್ತ ಕಬ್ಬಿಣದ ಬೇಲಿ. ಎಂಥ ದೊಡ್ಡ ಮನಸ್ಸು! ಅಡುಗೆಯವರನ್ನು ಗೌರವಿಸಲು ಉರಿಯುವ ಒಲೆಯ ಮೇಲೆ ಅವರ ಪ್ರತಿಮೆ ನಿಲ್ಲಿಸುತ್ತೀರಾ? ಮರುದಿನ ದೊಡ್ಡಮ್ಮ ಸುಣ್ಣದ ಡಬ್ಬ ಹಿಡಿದು ಹೋದರೆ ಕಾವಲುಗಾರ ತಡೆದ.

"ಅಮ್ಮಾ, ಕಟ್ಟೆಗೆ ಸುಣ್ಣ ತಾಗಿದ್ರೆ ನನ್ ಕೆಲ್ಸ ಹೋಗುತ್ತೆ. ಯಾರೋ ದೊಡ್ಡವರ ಸನ್ಮಾನದ್ದಂತೆ."

"ಆ ದೊಡ್ಡವಳು ನಾನೇ ಕಣಪ್ಪ."

"ಹಾಗಾದ್ರೆ ನೀವೇ ಹೀಗ್ ಮಾಡೋದಾ?"

ಅವತ್ತು ನಕ್ಕೆವು. ಕಳೆದ ವಾರ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸಮ್ಮ ತಮ್ಮ ಹೊಸ ಕಟ್ಟಡದ ನಕ್ಷೆ ತಂದರು. ಹೋದ ವರ್ಷ ಅವರ ಹಳೆಯ ಕಟ್ಟಡದಲ್ಲಿ, ಓಣಿಯಂಥ ದಾರಿಯ ತಿರುವಿನಲ್ಲಿ, ನನ್ನ ತಂಗಿಯ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಕೊನೆಗೆ ಹಾಸಿದ ಬಟ್ಟೆಯ ಸಮೇತ ಎತ್ತಿಕೊಂಡು ಓಡಿದರು. ತಂಗಿ ಉಳಿದಳು, ಮಗು ಉಳಿಯಲಿಲ್ಲ.

"ಹೊಸದ್ರಲ್ಲೂ ಅದೇ ತಿರುವು ಕಾಣ್ತಿದೆ ಕಣಕ್ಕಾ," ಎಂದರು ನರ್ಸಮ್ಮ. "ಕೇಳಿದ್ರೆ ಕಾಗದದಲ್ಲಿ ಸರಿಯಾಗೇ ಇದೆ ಅಂತಾರೆ. ಒಂದ್ಸಲ ಗೆರೆ ಎಳೆದು ಸ್ಟ್ರೆಚರ್ ತಳ್ಳಿ ನೋಡ್ಬಿಡೋಣ."

ಎಲ್ಲಿ ತಳ್ಳುವುದು? ರಸ್ತೆಯ ಮೇಲೆ ಬರೆದೆವು. ಎರಡನೆಯ ಗೋಡೆ ಎಳೆಯುವಷ್ಟರಲ್ಲಿ ಮೊದಲನೆಯದರ ಮೇಲೆ ಲಾರಿ ಹಾದುಹೋಯಿತು. ಶಾಲೆಯ ಅಂಗಳ ಸಾಲಲಿಲ್ಲ. ಬರುವ ಸೋಮವಾರ ಆಸ್ಪತ್ರೆಯ ಅಡಿಪಾಯ ಅಗೆಯುತ್ತಾರೆ. ನಿಮ್ಮ ಬಾಗಿಲಲ್ಲಿ ಮೂರು ದಿನ ನಿಂತೆ. ನೀವು ಹೊರಗೆ ಬಂದಾಗ ಕೈ ಮುಗಿದು "ದೊಡ್ಡಮ್ಮನ ಕಟ್ಟೆ..." ಎಂದೆ. ಸನ್ಮಾನಕ್ಕೆ ಧನ್ಯವಾದ ಹೇಳಲು ಬಂದವಳೆಂದುಕೊಂಡು "ಇರ್ಲಿ ಬಿಡಮ್ಮ" ಎಂದು ನಕ್ಕು ಹೋದಿರಿ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಬೇಲಿ ಕೀಳಿಸಿ, ಕಟ್ಟೆ ಒಡೆಸಿ. ಮನಸ್ಸು ಬಾರದಿದ್ದರೆ ಅಗೆಯುವುದನ್ನು ಒಂದು ವಾರ ತಡೆದು, ನೂರು ಅಡಿ ಸಮತಟ್ಟಾದ ನೆಲವನ್ನು ಎಲ್ಲಾದರೂ ತೋರಿಸಿ. ನರ್ಸಮ್ಮ ಸ್ಟ್ರೆಚರ್ ತರುತ್ತಾರೆ. ಅದರ ಮೇಲೆ ನಾನು ಮಲಗುತ್ತೇನೆ, ನೀವೇ ತಳ್ಳಿ. ಆ ತಿರುವು ದಾಟಿಸಿಬಿಟ್ಟರೆ ನಿಮ್ಮ ಕಟ್ಟೆಯನ್ನು ನಾವೇ ಮತ್ತೆ ಕಟ್ಟಿಕೊಡುತ್ತೇವೆ.

ಇಂತಿ,
ನಿಮ್ಮ ಗೌರವದಿಂದಾಗಿ ಮನೆಯಲ್ಲಿ ಸುಮ್ಮನೆ ಕೂತವಳ ತಂಗಿಯ ಮಗಳು